ಹಬ್ಬಕ್ಕೆ ಹೆಣೆದ ಕ್ರೋಶಾ ಗೊಂಬೆ ಸೊಟ್ಟಗಾಗಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಹಬ್ಬಕ್ಕೆ ತೂಗುಹಾಕಲು ಪುಟ್ಟ ಚೆಂಡು, ನಕ್ಷತ್ರ, ಮರ, ಸ್ನೋಮ್ಯಾನ್ ಹೆಣೆಯಲು ಕೂತವರಿಗೆ ಮೊದಲ ದಿನವೇ ಒಂದು ಸತ್ಯ ಗೊತ್ತಾಗುತ್ತದೆ. ಚಿತ್ರದಲ್ಲಿ ಇರುವುದೇ ಒಂದು, ಕೈಯಲ್ಲಿ ಬಂದಿರುವುದೇ ಒಂದು. ನನ್ನ ಮೊದಲ ಕೆಂಪು ಚೆಂಡು ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಚಪ್ಪಟೆಯಾಗಿತ್ತು. ಹತ್ತಿ ಕಮ್ಮಿಯಾಗಿದೆ ಅಂದುಕೊಂಡು ಇನ್ನಷ್ಟು ತುರುಕಿದೆ. ಉಬ್ಬಿದ ಕಡೆ ಇನ್ನೂ ಉಬ್ಬಿತು. ಕೊನೆಗೆ ಬಿಚ್ಚುತ್ತಾ ಹೋದಾಗ ಸಿಕ್ಕಿದ್ದು ಬೇರೆಯೇ: ನಾಲ್ಕನೇ ಸುತ್ತಿನಲ್ಲಿ 24 ಸ್ಟಿಚ್ ಇರಬೇಕಾದ ಕಡೆ 22 ಇತ್ತು. ಎರಡು ಹೆಚ್ಚಳ (ಒಂದೇ ಸ್ಟಿಚ್‌ನಲ್ಲಿ ಎರಡು ಹಾಕುವುದು) ಅಕ್ಕಪಕ್ಕದಲ್ಲೇ ಬಿಟ್ಟುಹೋಗಿತ್ತು.

ಈ ಕೆಲಸದಲ್ಲಿ ಯಾವಾಗಲೂ ಹೀಗೇ. ದೋಷ ಕಣ್ಣಿಗೆ ಬೀಳುವುದು ಇವತ್ತು, ಹುಟ್ಟಿದ್ದು ನಾಲ್ಕು ಸುತ್ತು ಹಿಂದೆ. ಹಾಗಾಗಿ ಕಂಡ ಜಾಗದಲ್ಲೇ ರಿಪೇರಿಗೆ ಇಳಿದರೆ ಸುಮ್ನೆ ಸಮಯ ಹಾಳು. ಕೆಳಗೆ ಪ್ರತಿ ಲಕ್ಷಣಕ್ಕೂ ಮೊದಲು ಏನನ್ನೂ ಬಿಚ್ಚದೆ ನೋಡಬಹುದಾದದ್ದನ್ನು ಹೇಳಿದ್ದೇನೆ. ಬಿಚ್ಚುವ ಮಾತು ಆಮೇಲೆ.

ಹೋಲಿಸಲು ಒಂದು ಮಾದರಿ ಬೇಕಲ್ವಾ? ಈ ಚೆಂಡನ್ನು ಇಟ್ಟುಕೊಳ್ಳಿ. ಎಲ್ಲವೂ ಸಿಂಗಲ್ ಕ್ರೋಶಾ, ಅಂದರೆ ಎರಡು ಸಲ ದಾರ ಎಳೆದು ಹಾಕುವ ಸ್ಟಿಚ್. ಸುತ್ತುಗಳಲ್ಲಿ ಕ್ರಮವಾಗಿ 6, 12, 18, 24 ಸ್ಟಿಚ್. ಆಮೇಲೆ ನಾಲ್ಕು ಸುತ್ತು 24 ಹಾಗೇ. ನಂತರ 18, 12, 6, ಮುಚ್ಚುವುದು. ಸಾಧಾರಣ ದಪ್ಪದ ದಾರ, 3 ಮಿ.ಮೀ. ಹುಕ್ ಆದರೆ ಸುಮಾರು 4 ಸೆಂ.ಮೀ. ಅಡ್ಡಳತೆಯ ಚೆಂಡು ಬರುತ್ತದೆ. ಒಂದು ಗಂಟೆಯ ಕೆಲಸ, ಹಾಳಾದರೂ ಬೇಜಾರಿಲ್ಲ. ದಾರ ನುಣುಪಾಗಿರಲಿ, ಬಣ್ಣ ತಿಳಿಯಾಗಿರಲಿ. ಕಪ್ಪು ದಾರದಲ್ಲೋ ಜೂಲಿನಂಥ ಮೆತ್ತನೆ ದಾರದಲ್ಲೋ ಕಲಿಯಲು ಹೊರಟರೆ ಸ್ಟಿಚ್ ಕಾಣುವುದೇ ಇಲ್ಲ. ಕಾಣದ್ದನ್ನು ಎಣಿಸುವುದು ಹೇಗೆ?

ನಡುವಿನ ತೂತು ಮುಚ್ಚುತ್ತಿಲ್ಲ

ಗೊಂಬೆ ಶುರು ಮಾಡುವ, ಎಳೆದರೆ ಬಿಗಿಯುವ ದಾರದ ಉಂಗುರವಾದ ಮ್ಯಾಜಿಕ್ ರಿಂಗ್‌ನ ಬಾಲ (ದಾರದ ಬಿಡಿ ತುದಿ) ಎಳೆಯುತ್ತೀರಿ, ತೂತು ಅಲ್ಲಾಡುವುದೇ ಇಲ್ಲ. ಮೊದಲು ತೂತಿನ ಅಂಚನ್ನು ಹತ್ತಿರದಿಂದ ನೋಡಿ. ಆರೂ ಸ್ಟಿಚ್‌ಗಳು ಎರಡು ಎಳೆಯನ್ನು ಒಟ್ಟಿಗೆ ಅಪ್ಪಿ ಹಿಡಿದಿರಬೇಕು. ಒಂದು ಎಳೆ ಉಂಗುರದ್ದು, ಇನ್ನೊಂದು ಬಾಲದ್ದು. ಯಾವುದಾದರೂ ಒಂದು ಸ್ಟಿಚ್ ಒಂದೇ ಎಳೆಯನ್ನು ಹಿಡಿದಿದ್ದರೆ ದಾರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ರಿಪೇರಿ ಇಲ್ಲ. ಆರೇ ಸ್ಟಿಚ್ ತಾನೇ, ಬಿಚ್ಚಿ ಮತ್ತೆ ಹಾಕಿ.

ಮೂರು ಸಲ ಪ್ರಯತ್ನಿಸಿಯೂ ರಿಂಗ್ ಕೈಗೆ ಹತ್ತದಿದ್ದರೆ ಅದನ್ನು ಬಿಟ್ಟುಬಿಡಿ. ಎರಡು ಚೈನ್ ಹಾಕಿ, ಹುಕ್‌ನಿಂದ ಎರಡನೆಯ ಚೈನ್‌ನಲ್ಲೇ ಆರು ಸಿಂಗಲ್ ಕ್ರೋಶಾ ಹಾಕಿ. ನಡುವೆ ಚಿಕ್ಕ ಚುಕ್ಕಿಯಷ್ಟು ತೂತು ಉಳಿಯುತ್ತದೆ. ತೂಗುಗೊಂಬೆಗೆ ನೇತುಹಾಕುವ ದಾರ ಹೇಗೂ ಅಲ್ಲೇ ಬರುವುದರಿಂದ ಯಾರಿಗೂ ಕಾಣುವುದಿಲ್ಲ.

ಮೊದಲು ಮುಚ್ಚಿದ್ದ ತೂತು ಹತ್ತಿ ತುಂಬಿದ ಮೇಲೆ ತೆರೆದುಕೊಂಡರೆ ಅದು ಬೇರೆ ಕಾಯಿಲೆ. ಬಾಲವನ್ನು ತೀರಾ ಗಿಡ್ಡ ಕತ್ತರಿಸಿದ್ದೀರಿ, ಇಲ್ಲವೇ ಭದ್ರ ಮಾಡದೆ ಹಾಗೇ ಬಿಟ್ಟಿದ್ದೀರಿ. ಬಾಲ 15 ಸೆಂ.ಮೀ. ಆದರೂ ಇರಲಿ. ತೂತು ಬಿಗಿದ ಮೇಲೆ ಅದನ್ನು ಸೂಜಿಗೆ ಪೋಣಿಸಿ, ಉಂಗುರದ ಸುತ್ತ ಇನ್ನೊಂದು ಸುತ್ತು ತಂದು, ಒಳಗಡೆ ಗಂಟು ಹಾಕಿ. ಬಾಲವೇ ಇಲ್ಲದಿದ್ದರೆ ಅದೇ ಬಣ್ಣದ ಬೇರೆ ದಾರವನ್ನು ಮೊದಲ ಆರು ಸ್ಟಿಚ್‌ಗಳ ಬುಡದಲ್ಲಿ ಓಡಿಸಿ ಎಳೆದರೂ ನಡೆಯುತ್ತದೆ.

ಚಪ್ಪಟೆ ಇರಬೇಕಾದದ್ದು ಬಟ್ಟಲಾಗುತ್ತಿದೆ, ಇಲ್ಲವೇ ಅಂಚು ನಿರಿಗೆಯಾಗುತ್ತಿದೆ

ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಇದೇ ಇರುತ್ತದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಬಟ್ಟಲಾದರೆ ಸ್ಟಿಚ್ ಕಮ್ಮಿ. ನಿರಿಗೆ ಬಂದರೆ ಸ್ಟಿಚ್ ಜಾಸ್ತಿ. ಇಷ್ಟೇ ನಿಯಮ. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಮ್ಮಿ ಒಂದೇ. ವೃತ್ತವೊಂದು ಒಂದು ಸ್ಟಿಚ್‌ನಷ್ಟು ಹೊರಗೆ ಬೆಳೆದರೆ ಅದರ ಸುತ್ತಳತೆ ಅದರ 6.28 ಪಟ್ಟು ಹೆಚ್ಚುತ್ತದೆ. ಶಾಲೆಯಲ್ಲಿ ಓದಿದ ಎರಡು ಪೈ ನೆನಪಿದೆಯಲ್ವಾ, ಅದೇ. ಅದಕ್ಕೇ ಪ್ರತಿ ಸುತ್ತಿಗೂ ಆರು ಸ್ಟಿಚ್ ಸೇರಿಸುವುದು. ಆರು ಅನ್ನುವುದು ಯಾರೋ ಇಟ್ಟ ಶಾಸ್ತ್ರ ಅಲ್ಲ.

ಮೊದಲ ಮೂರು ಸುತ್ತಿನಲ್ಲಿ ಒಂಚೂರು ಬಟ್ಟಲಾದರೆ ಹೆದರಬೇಡಿ. ಬೆರಳಿಂದ ಒತ್ತಿ ಚಪ್ಪಟೆ ಮಾಡಲು ಆದರೆ ಎಲ್ಲ ಸರಿ ಇದೆ ಎಂದರ್ಥ. ಒತ್ತಿದರೂ ಎದ್ದು ನಿಂತರೆ ಎಣಿಸಿ.

ಎಣಿಸುವುದರಲ್ಲೇ ತಪ್ಪುವವರು ಜಾಸ್ತಿ. ಅಂಚನ್ನು ಮೇಲಿನಿಂದ ನೋಡಿ. ಜಡೆ ಹಾಕಿದ ಹಾಗೆ ಪುಟ್ಟ ಪುಟ್ಟ ‘ವಿ’ ಆಕಾರಗಳು ಮಲಗಿರುತ್ತವೆ. ಒಂದು ‘ವಿ’ ಅಂದರೆ ಒಂದು ಸ್ಟಿಚ್. ಹುಕ್ ಮೇಲೆ ಇರುವ ಕುಣಿಕೆಯನ್ನು ಎಣಿಸಬಾರದು. ಅದು ಇನ್ನೂ ಸ್ಟಿಚ್ ಆಗಿಲ್ಲ. ಅದರ ಕೆಳಗಿನ ‘ವಿ’ಯಿಂದ ಶುರು ಮಾಡಿ, ಮಾರ್ಕರ್ (ಸುತ್ತಿನ ಶುರುವಿಗೆ ಸಿಕ್ಕಿಸುವ ಗುರುತು) ಇರುವ ಸ್ಟಿಚ್‌ವರೆಗೆ ಬನ್ನಿ.

ಲೆಕ್ಕ ತಪ್ಪಿದ್ದರೆ ಕಾರಣ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು. ಮಾರ್ಕರ್ ಹಾಕಿಲ್ಲ, ಅಥವಾ ಹಾಕಿದ್ದನ್ನು ಪ್ರತಿ ಸುತ್ತಿಗೂ ಮೇಲೆ ತರಲಿಲ್ಲ. ಎರಡನೆಯದು, ಸುತ್ತಿನ ಕೊನೆಯಲ್ಲಿ ಸ್ಲಿಪ್ ಸ್ಟಿಚ್ (ಒಂದೇ ಎಳೆತದ ಗಿಡ್ಡ ಸ್ಟಿಚ್) ಹಾಕಿ ಜೋಡಿಸಿ, ಆ ಸ್ಲಿಪ್ ಸ್ಟಿಚ್‌ನ ಮೇಲೂ ಒಂದು ಹೆಣೆದಿದ್ದೀರಿ. ಇದರಿಂದ ಸುತ್ತಿಗೊಂದು ಪುಗಸಟ್ಟೆ ಸ್ಟಿಚ್ ಸೇರುತ್ತಾ ಹೋಗುತ್ತದೆ. ತೂಗುಗೊಂಬೆಗೆ ಜೋಡಿಸುವ ಗೋಜೇ ಬೇಡ. ಶಂಖದ ಹಾಗೆ ಸುತ್ತುತ್ತಾ ಹೋಗಿ. ಮೂರನೆಯದು, ಹೆಚ್ಚಳ ಹಾಕಿದ ಮೇಲೆ ಬರುವ ಸ್ಟಿಚ್ ಸ್ವಲ್ಪ ಮರೆಯಾಗಿರುತ್ತದೆ, ಅದನ್ನು ದಾಟಿಬಿಡುತ್ತೀರಿ. ಅನುಮಾನ ಬಂದಾಗ ಬಟ್ಟೆಯನ್ನು ಎರಡೂ ಕಡೆ ಸ್ವಲ್ಪ ಎಳೆದು ಹಿಡಿಯಿರಿ. ಅಡಗಿದ ‘ವಿ’ ಬಾಯಿ ತೆರೆಯುತ್ತದೆ.

ಒಂದು ಸ್ಟಿಚ್ ವ್ಯತ್ಯಾಸ ಇದ್ದರೆ ಬಿಚ್ಚಬೇಡಿ. ಮುಂದಿನ ಸುತ್ತಿನಲ್ಲಿ ಒಂದು ಸೇರಿಸಿ ಅಥವಾ ಒಂದು ಕಳೆಯಿರಿ. ಹತ್ತಿ ತುಂಬಿದ ಮೇಲೆ ದೇವರಾಣೆ ಗೊತ್ತಾಗುವುದಿಲ್ಲ. ಎರಡಿದ್ದರೆ, ಅವು ಎದುರುಬದುರು ಇವೆಯೋ ಅಕ್ಕಪಕ್ಕ ಇವೆಯೋ ನೋಡಿ. ಅಕ್ಕಪಕ್ಕ ಇದ್ದರೆ ನನ್ನ ಕೆಂಪು ಚೆಂಡಿನ ಗತಿಯೇ. ಮೂರಾದರೆ ಮಾತಿಲ್ಲ, ಬಿಚ್ಚಿ.

ಚೆಂಡಿಗೆ ಆರು ಮೂಲೆ ಬಂದಿದೆ

ಲೆಕ್ಕ ಸರಿ ಇದೆ, ಆದರೂ ಮೇಲಿನಿಂದ ನೋಡಿದರೆ ಷಟ್ಕೋನ. ನಿಮ್ಮ ತಪ್ಪಲ್ಲ. ಪ್ರತಿ ಸುತ್ತಿನಲ್ಲೂ ಹೆಚ್ಚಳಗಳು ಒಂದರ ಮೇಲೊಂದು ಕೂತಿವೆ. ಪುಟ್ಟ ಚೆಂಡಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. 30, 36 ಸ್ಟಿಚ್‌ಗೆ ಹೋದಾಗ ಕಣ್ಣಿಗೆ ಹೊಡೆಯುತ್ತದೆ.

ಪರಿಹಾರ ಸುಲಭ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಹೆಚ್ಚಳದ ಜಾಗ ಸರಿಸಿ. 24ರಿಂದ 30ಕ್ಕೆ ಹೋಗುವಾಗ ‘ಮೂರು ಹಾಕಿ ಒಂದು ಹೆಚ್ಚಳ’ ಎಂದು ಆರು ಸಲ ಮಾಡುವ ಬದಲು, ಮೊದಲು ಒಂದು ಸ್ಟಿಚ್, ಒಂದು ಹೆಚ್ಚಳ, ಆಮೇಲೆ ಐದು ಸಲ ‘ಮೂರು, ಒಂದು ಹೆಚ್ಚಳ’, ಕೊನೆಗೆ ಎರಡು ಸ್ಟಿಚ್. ಒಟ್ಟು ಅಷ್ಟೇ, ಮೂಲೆ ಮಾಯ.

ಸ್ಟಿಚ್‌ಗಳ ನಡುವೆ ಬಿಳಿ ಹತ್ತಿ ಇಣುಕುತ್ತಿದೆ

ಕೆಂಪು, ಹಸಿರು ದಾರದಲ್ಲಿ ಬಿಳಿ ಚುಕ್ಕಿಗಳು ಎದ್ದು ಕಾಣುತ್ತವೆ. ಹೊಸಬರು ತಕ್ಷಣ ‘ನನ್ನ ಕೈ ಸಡಿಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಅಷ್ಟು ಬೇಗ ಬೇಡ.

ತೂತು ಎಲ್ಲಿದೆ ನೋಡಿ. ಗೊಂಬೆಯ ತುಂಬಾ ಒಂದೇ ಸಮ ಇದ್ದರೆ ಒಂದು ಕಾರಣ. ಕೆಳಗಿನ ಅರ್ಧದಲ್ಲಿ, ಅಂದರೆ ಕಡಿತ (ಎರಡು ಸ್ಟಿಚ್ ಕೂಡಿಸಿ ಒಂದು ಮಾಡುವುದು) ಶುರುವಾದ ಮೇಲೆ ಮಾತ್ರ ಇದ್ದರೆ ಬೇರೆ ಕಾರಣ.

ಎಲ್ಲ ಕಡೆ ಇದ್ದರೆ, ಗೊಂಬೆ ಇನ್ನೂ ಮುಚ್ಚಿಲ್ಲದಿದ್ದರೆ, ಒಂದು ಹಿಡಿ ಹತ್ತಿ ಹೊರತೆಗೆಯಿರಿ. ತೂತು ಮುಚ್ಚಿಕೊಂಡಿತಾ? ಹಾಗಾದರೆ ಕೈಯ ತಪ್ಪಲ್ಲ, ತುರುಕಿದ್ದು ಜಾಸ್ತಿ. ಮುಚ್ಚಲಿಲ್ಲ ಅಂದರೆ ಹುಕ್ ದೊಡ್ಡದು. ದಾರದ ಪಟ್ಟಿಯ ಮೇಲೆ ಬರೆದ ಹುಕ್ ಅಳತೆ ಸ್ವೆಟರ್, ಶಾಲಿನಂಥ ಮೆತ್ತನೆ ಬಟ್ಟೆಗೆ. ಗೊಂಬೆಗೆ ಗಟ್ಟಿ ಬಟ್ಟೆ ಬೇಕು. ಪಟ್ಟಿಯಲ್ಲಿ 4 ಮಿ.ಮೀ. ಅಂತಿದ್ದರೆ 3 ಅಥವಾ 2.5 ಮಿ.ಮೀ. ಹುಕ್ ತೆಗೆದುಕೊಳ್ಳಿ. ಅರ್ಧ ಮಿಲಿಮೀಟರ್ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ.

ಚಿಕ್ಕ ಹುಕ್ ಇಲ್ಲವೇ? ಖರ್ಚಿಲ್ಲದ ಇನ್ನೊಂದು ದಾರಿ ಇದೆ. ಸ್ಟಿಚ್ ಒಳಗೆ ಹುಕ್ ಹೋದ ಮೇಲೆ ಮೊದಲ ಸಲ ದಾರ ಎಳೆಯುತ್ತೇವಲ್ಲ, ಆಗ ದಾರವನ್ನು ಹುಕ್ ಮೇಲೆ ಸುತ್ತಬೇಡಿ. ಹುಕ್ಕನ್ನೇ ದಾರದ ಮೇಲೆ ತಂದು, ದಾರ ಹಿಡಿದು ಎಳೆಯಿರಿ. ಎರಡನೆಯ ಸಲ ಎಂದಿನಂತೆ. ಸ್ಟಿಚ್ ಹೊರಗಿನಿಂದ ‘ವಿ’ ಬದಲು ಪುಟ್ಟ ಗುಣಾಕಾರ ಚಿಹ್ನೆಯ ಹಾಗೆ ಕಾಣುತ್ತದೆ, ಬಟ್ಟೆ ಬಿಗಿಯಾಗುತ್ತದೆ. ಗೊಂಬೆ ಸ್ವಲ್ಪ ಚಿಕ್ಕದಾಗಿ ಬರುತ್ತದೆ. ಒಂದೇ ಗೊಂಬೆಯಲ್ಲಿ ಅರ್ಧ ಹಾಗೆ ಅರ್ಧ ಹೀಗೆ ಮಾಡಿದರೆ ಮಾತ್ರ ಸೊಂಟ ಬಂದ ಹಾಗಾಗುತ್ತದೆ, ಎಚ್ಚರ.

ಕಡಿತದ ಕಡೆ ಮಾತ್ರ ತೂತಿದ್ದರೆ ನೀವು ಎರಡು ಸ್ಟಿಚ್ ಕೂಡಿಸಿ ಒಂದು ಮಾಡುವಾಗ ‘ವಿ’ಯ ಎರಡೂ ಎಳೆಯ ಕೆಳಗೆ ಹುಕ್ ಹಾಕುತ್ತಿದ್ದೀರಿ. ಅಲ್ಲಿ ಒಂದು ಗುಬುಟು, ಅದರ ಪಕ್ಕ ಒಂದು ತೂತು ಬಂದೇ ಬರುತ್ತದೆ. ಬದಲಿಗೆ ಹೀಗೆ ಮಾಡಿ. ಮುಂದಿನ ಸ್ಟಿಚ್‌ನ ನಿಮ್ಮ ಕಡೆಗಿರುವ ಎಳೆಗೆ ಮಾತ್ರ ಹುಕ್ ತೂರಿಸಿ. ದಾರ ಎಳೆಯದೆ ಹಾಗೇ ಅದರ ಪಕ್ಕದ ಸ್ಟಿಚ್‌ನ ನಿಮ್ಮ ಕಡೆಗಿರುವ ಎಳೆಗೂ ತೂರಿಸಿ. ಈಗ ಹುಕ್ ಮೇಲೆ ಮೂರು ಕುಣಿಕೆ. ದಾರ ಹಿಡಿದು ಮೊದಲ ಎರಡರಿಂದ ಎಳೆಯಿರಿ. ಮತ್ತೆ ದಾರ ಹಿಡಿದು ಉಳಿದ ಎರಡರಿಂದ ಎಳೆಯಿರಿ. ಕಡಿತ ಎಲ್ಲಾಯಿತು ಅಂತ ನಿಮಗೇ ಹುಡುಕಲು ಕಷ್ಟವಾಗುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಉಪಾಯಗಳಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಗೊಂಬೆ ಆಗಲೇ ಮುಗಿದು ಮುಚ್ಚಿಯಾಗಿದೆಯಾ? ತೂತಿನ ಮೇಲೆ ಅದೇ ಬಣ್ಣದ ದಾರದಲ್ಲಿ ಸೂಜಿಯಿಂದ ಎರಡು ಗೆರೆ ಎಳೆದು ಮುಚ್ಚಿ. ಮುಂದಿನ ಸಲಕ್ಕೆ ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಹತ್ತಿ ಕಟ್ಟಿ ಒಳಗಿಡಿ. ಗಾಢ ಬಣ್ಣಕ್ಕೆ ಗಾಢ ಕಾಲುಚೀಲ.

ಹುಕ್ ಒಳಗೇ ಹೋಗುತ್ತಿಲ್ಲ

ಪ್ರತಿ ಸ್ಟಿಚ್‌ಗೂ ಕುಸ್ತಿ ಮಾಡುತ್ತಿದ್ದೀರಾ? ಮೊದಲು ದಾರ ಹಿಡಿದ ಎಡಗೈ ಬೆರಳು ನೋಡಿ. ಬೆರಳಿನ ಮೇಲೆ ದಾರದ ಗುರುತು ಕೆಂಪಗೆ ಬಿದ್ದಿದ್ದರೆ ಹಿಡಿತ ಬಿಗಿ. ಆಮೇಲೆ ಹುಕ್ಕಿನ ಯಾವ ಭಾಗದಲ್ಲಿ ಕುಣಿಕೆ ಕೂರುತ್ತಿದೆ ನೋಡಿ. ಮೂತಿಯ ಹತ್ತಿರದ ಕಿರಿದಾದ ಕುತ್ತಿಗೆಯಲ್ಲೇ ಹೆಣೆಯುತ್ತಿದ್ದರೆ ಸ್ಟಿಚ್ ಆ ಕುತ್ತಿಗೆಯಷ್ಟೇ ಸಣ್ಣದಾಗುತ್ತದೆ. ಕುಣಿಕೆ ದಂಡದ ದಪ್ಪ ಭಾಗದವರೆಗೆ ಬರಲಿ.

ಇವೆರಡೂ ಸರಿ ಇದ್ದರೆ ಸ್ಟಿಚ್ಚೇ ತಪ್ಪಿರಬಹುದು. ಸಿಂಗಲ್ ಕ್ರೋಶಾದಲ್ಲಿ ಎರಡು ಸಲ ದಾರ ಎಳೆಯಬೇಕು. ಮೊದಲ ಎಳೆತದಲ್ಲೇ ದಾರವನ್ನು ಹುಕ್ ಮೇಲಿದ್ದ ಕುಣಿಕೆಯಿಂದಲೂ ಹೊರತಂದುಬಿಟ್ಟರೆ ಅದು ಸ್ಲಿಪ್ ಸ್ಟಿಚ್. ಗಿಡ್ಡ, ಗಟ್ಟಿ. ಅದರ ಮೇಲಿನ ಸುತ್ತಿನಲ್ಲಿ ಹುಕ್ ಹೋಗುವುದೇ ಇಲ್ಲ. ಆರು ಸುತ್ತು ಹಾಕಿದರೂ ಗೊಂಬೆ ಎತ್ತರ ಬಂದಿಲ್ಲ ಅಂದರೆ ಇದನ್ನೇ ಅನುಮಾನಿಸಿ.

ಹುಕ್ಕಿಗೆ ದಾರ ಸೀಳಿ ಬರುತ್ತಿದ್ದರೆ ಅದು ದಾರದ ಗುಣ. ಸಡಿಲ ಹುರಿಯ ದಾರ ಸೀಳುತ್ತದೆ. ಮೂತಿ ಚೂಪಾಗಿಲ್ಲದ ಹುಕ್ ಬಳಸಿ ನೋಡಿ.

ಒರಟು ಮುಖ ಹೊರಗೆ ಬಂದಿದೆ

ಚಿತ್ರದಲ್ಲಿ ನೀಟಾದ ‘ವಿ’ ಸಾಲುಗಳು, ನಿಮ್ಮದರಲ್ಲಿ ಅಡ್ಡಡ್ಡ ಗೆರೆಗಳು. ಗೊಂಬೆ ಒಳಹೊರಗಾಗಿದೆ, ಅಷ್ಟೇ. ತುಂಬುವ ಮುಂಚೆ ನೋಡಿದರೆ ಕಾಲುಚೀಲದ ಹಾಗೆ ತಿರುಗಿಸಿದರಾಯಿತು. ಹೆಣೆಯುವಾಗಲೇ ಪರೀಕ್ಷೆ ಮಾಡುವ ಬಗೆ: ಬಟ್ಟಲಿನ ಬಾಯಿ ಮೇಲಕ್ಕೆ ಹಿಡಿಯಿರಿ. ಹುಕ್ ನಿಮ್ಮ ಎದೆಯ ಕಡೆಯ ಅಂಚಿನಲ್ಲಿ ಓಡುತ್ತಿದ್ದರೆ ಸರಿ. ಆಚೆ ಬದಿಯ ಅಂಚಿನಲ್ಲಿ ಓಡುತ್ತಿದ್ದರೆ ಉಲ್ಟಾ. ಎಡಗೈಯವರಿಗೂ ಇದೇ ಪರೀಕ್ಷೆ. ಹುಕ್ ಓಡುವ ದಿಕ್ಕು ಮಾತ್ರ ಬೇರೆ.

ಚೆಂಡಿನ ಬದಲು ಪೀಪಾಯಿ ಬಂದಿದೆ

ಎಣಿಕೆ ಸರಿ, ಹುಕ್ ಸರಿ, ಆದರೂ ಉದ್ದುದ್ದ, ಜಾಳುಜಾಳು. ನೀವು ನೋಡುತ್ತಿರುವ ಮಾದರಿ ಯಾವ ಭಾಷೆಯದು ಅಂತ ವಿಚಾರಿಸಿ. ಇಂಗ್ಲಿಷ್ ಅಂತೀರಿ. ಯಾವ ಇಂಗ್ಲಿಷ್? ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟನ್‌ನವರು ಡಬಲ್ ಕ್ರೋಶಾ ಅನ್ನುತ್ತಾರೆ. ಬ್ರಿಟಿಷ್ ಮಾದರಿಯ ಡಬಲ್ಲನ್ನು ಅಮೆರಿಕದ ಡಬಲ್ ಅಂದುಕೊಂಡು ಹೆಣೆದರೆ ಸ್ಟಿಚ್ ತೀರಾ ಎತ್ತರ ಬರುತ್ತದೆ, ಚೆಂಡು ಪೀಪಾಯಿಯಾಗುತ್ತದೆ. ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂದು ಬಂದಿದ್ದರೆ ಅದು ಅಮೆರಿಕದ್ದು. ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರೇ ಇಲ್ಲ. ಪುಟ್ಟ ಗೊಂಬೆಯ ಮಾದರಿಯಲ್ಲಿ ಬರೀ ಡಬಲ್ ಎಂದೇ ಇದ್ದರೆ ಬಹುಪಾಲು ಬ್ರಿಟಿಷ್.

ಬಣ್ಣ ಬದಲಿಸಿದ ಕಡೆ ಮೆಟ್ಟಿಲು

ಪಟ್ಟೆ ಪಟ್ಟೆ ಚೆಂಡಿನಲ್ಲಿ ಇದು ಇದ್ದೇ ಇರುತ್ತದೆ. ಶಂಖದ ಹಾಗೆ ಸುತ್ತುವುದರಿಂದ ಸುತ್ತಿನ ತುದಿ ಅದರ ಶುರುವಿಗಿಂತ ಒಂದು ಸ್ಟಿಚ್ ಮೇಲಿರುತ್ತದೆ. ಪೂರ್ತಿ ಹೋಗಲಾಡಿಸಲು ಆಗುವುದಿಲ್ಲ, ತಗ್ಗಿಸಬಹುದು. ಹಳೆಯ ಬಣ್ಣದ ಕೊನೆಯ ಸ್ಟಿಚ್‌ನ ಎರಡನೆಯ ಎಳೆತವನ್ನು ಹೊಸ ಬಣ್ಣದಲ್ಲಿ ಮಾಡಿ. ಉಳಿದದ್ದನ್ನು ಗೋಡೆಯ ಕಡೆ ತಿರುಗಿಸಿ ನೇತುಹಾಕಿ. ನಾನೂ ಅದನ್ನೇ ಮಾಡುವುದು.

ತುಂಬಿದ ಮೇಲೆ ಗಂಟುಗಂಟಾಗಿದೆ

ಹತ್ತಿಯನ್ನು ಒಂದೇ ಉಂಡೆ ಮಾಡಿ ತುರುಕಿದ್ದೀರಿ. ಹೊರಗೆ ತೆಗೆಯಿರಿ, ಬೆರಳಿಂದ ಎಳೆದೆಳೆದು ಮೋಡದ ಹಾಗೆ ಬಿಡಿಸಿ, ಚಿಟಿಕೆ ಚಿಟಿಕೆಯಾಗಿ ಹಾಕಿ. ಮೊದಲು ಅಂಚಿಗೆ, ಆಮೇಲೆ ನಡುವಿಗೆ. ಬಾಯಿಯಲ್ಲಿ ಇನ್ನೂ 12 ಸ್ಟಿಚ್ ಇರುವಾಗಲೇ ಬಹುಪಾಲು ತುಂಬಿ ಮುಗಿಸಿ. 6ಕ್ಕೆ ಬಂದ ಮೇಲೆ ಪೆನ್ಸಿಲ್‌ನ ಮೊಂಡು ತುದಿಯಿಂದ ಒಂದೆರಡು ಚಿಟಿಕೆ ಮಾತ್ರ.

ಒಳಗೆ ಹಾಕುವುದು ಪಾಲಿಯೆಸ್ಟರ್ ಫೈಬರ್ ಆಗಿದ್ದರೆ ಒಳ್ಳೆಯದು. ನಿಜವಾದ ಹತ್ತಿ ಕಾಲ ಕಳೆದಂತೆ ಗಟ್ಟಿಯಾಗಿ ಕೂರುತ್ತದೆ, ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಮಿಕ್ಕ ದಾರದ ತುಂಡುಗಳನ್ನು ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ತುಂಬಿ, ಆದರೆ ನಡುವೆ ಮಾತ್ರ. ಅಂಚಿಗೆ ಬಂದರೆ ಗಂಟು ಹೊರಗೆ ಎದ್ದು ಕಾಣುತ್ತದೆ.

ನಕ್ಷತ್ರದ ತುದಿಗಳು ಜೋಲುಬಿದ್ದಿದ್ದರೆ ಹತ್ತಿ ತುದಿಯವರೆಗೆ ಹೋಗಿಲ್ಲ ಅಂತಲೇ ಅರ್ಥ. ಎರಡು ಪದರ ಜೋಡಿಸುತ್ತಾ ಹೋಗುವಾಗ ಒಂದೊಂದು ತುದಿ ಮುಗಿದ ಕೂಡಲೇ ಅದಕ್ಕೊಂದು ಚಿಟಿಕೆ ಹಾಕಿ ಮುಂದೆ ಹೋಗಿ. ಕೊನೆಯಲ್ಲಿ ಐದೂ ತುದಿಗೆ ತಲುಪಿಸುತ್ತೇನೆ ಅಂದರೆ ಆಗುವ ಮಾತಲ್ಲ.

ಮರದ ತಳ ಉಬ್ಬಿ, ನಿಲ್ಲಿಸಿದರೆ ಉರುಳುತ್ತಿದೆಯೇ? ತಳ ಶುರುವಾಗುವ ಸುತ್ತನ್ನು ‘ವಿ’ಯ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯಬೇಕಿತ್ತು. ಆಗ ಅಂಚು ಮಡಿಸಿದ ಹಾಗೆ ಚೂಪಾಗಿ ಬರುತ್ತದೆ. ಜೊತೆಗೆ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಿಂದ ಒಂದು ಬಿಲ್ಲೆ ಕತ್ತರಿಸಿ ತಳಕ್ಕಿಟ್ಟು ಮುಚ್ಚಿ. ರಟ್ಟೂ ಆಗುತ್ತದೆ, ಆದರೆ ನೀರು ತಾಗಿದರೆ ಕೆಟ್ಟುಹೋಗುತ್ತದೆ.

ಸ್ನೋಮ್ಯಾನ್ ತಲೆ ಬಾಗಿಸಿ ನಿಂತಿದ್ದಾನೆ

ಕುತ್ತಿಗೆಯಲ್ಲಿ ಹತ್ತಿ ಸಾಲದು. ತಲೆ, ಹೊಟ್ಟೆ ಎರಡನ್ನೂ ತುಂಬಿ ನಡುವಿನ ಕಿರಿದಾದ ಜಾಗ ಖಾಲಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಹೊಟ್ಟೆಯಿಂದ ತಲೆಯವರೆಗೆ ಒಂದೇ ಉದ್ದನೆ ಹತ್ತಿಯ ಬತ್ತಿ ಕುತ್ತಿಗೆಯ ಮೂಲಕ ಹಾದುಹೋಗಬೇಕು. ಬೇರೆ ಬೇರೆ ಹೆಣೆದು ಹೊಲಿದಿದ್ದರೆ ನಾಲ್ಕು ಕಡೆ ಪಿನ್ ಚುಚ್ಚಿ, ಎದುರಿನಿಂದಲೂ ಪಕ್ಕದಿಂದಲೂ ನೋಡಿ, ಆಮೇಲೆ ಎರಡು ಸುತ್ತು ಹೊಲಿಯಿರಿ. ಕುತ್ತಿಗೆ ನೆಟ್ಟಗಾಗಲಿ ಅಂತ ಕಡ್ಡಿ, ತಂತಿ ಇಡಬೇಡಿ. ಒಂದಲ್ಲ ಒಂದು ದಿನ ಅದು ಹೊರಗೆ ಬಂದು ಯಾರದ್ದಾದರೂ ಕೈಗೆ ಚುಚ್ಚುತ್ತದೆ.

ನೇತುಹಾಕಿದರೆ ಒಂದು ಕಡೆ ವಾಲುತ್ತದೆ

ದಾರ ಕಟ್ಟಿದ ಜಾಗ ಭಾರದ ನಡುವಿನ ನೇರ ಮೇಲೆ ಇಲ್ಲ. ಹೊಲಿಯುವ ಮುಂಚೆ ಒಂದು ಸೂಜಿಗೆ ದಾರ ಪೋಣಿಸಿ ತಲೆಯ ಮೇಲೆ ಸುಮ್ಮನೆ ಚುಚ್ಚಿ ಎತ್ತಿ ನೋಡಿ. ವಾಲಿದ ಕಡೆಗೇ ಸೂಜಿಯನ್ನು ಒಂದು ಸ್ಟಿಚ್ ಸರಿಸಿ, ಮತ್ತೆ ಎತ್ತಿ. ಸ್ನೋಮ್ಯಾನ್‌ಗೆ ಮೂಗು, ಮಫ್ಲರ್ ಎಲ್ಲ ಅಂಟಿಸಿದ ಮೇಲೇ ಈ ಪರೀಕ್ಷೆ ಮಾಡಿ. ಅವುಗಳ ಭಾರವೂ ಲೆಕ್ಕಕ್ಕೆ ಬರುತ್ತದೆ.

ಕೆಂಪು ಬಣ್ಣ ಬಿಳಿಗೆ ಹತ್ತಿದೆ

ಒದ್ದೆಯಾದಾಗ ಹೀಗಾಗುತ್ತದೆ, ಅದರಲ್ಲೂ ಗಾಢ ಬಣ್ಣದ ಹತ್ತಿ ದಾರದಲ್ಲಿ. ಹೆಣೆಯುವ ಮುಂಚೆ ಬೆರಳುದ್ದದ ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ಹತ್ತಿದ ಮೇಲೆ ಪೂರ್ತಿ ಹೋಗುವುದು ಅಪರೂಪ. ಇಸ್ತ್ರಿಯ ವಿಷಯವೂ ಹೇಳಿಬಿಡುತ್ತೇನೆ: ಅಕ್ರಿಲಿಕ್ ದಾರದ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಅದು ಮಿರುಗುತ್ತಾ ಚಪ್ಪಟೆಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಕೈ ನೋಯುತ್ತಿದೆ

ಇದೂ ಒಂದು ಲಕ್ಷಣವೇ. ಅರ್ಧ ಗಂಟೆಗೊಮ್ಮೆ ಹುಕ್ ಕೆಳಗಿಟ್ಟು ಬೆರಳು ಬಿಡಿಸಿ. ಚಿಕ್ಕ ಹುಕ್ಕಿಗೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿ. ನೋವು ಮರುದಿನಕ್ಕೂ ಉಳಿದರೆ ಎರಡು ದಿನ ಕೆಲಸ ನಿಲ್ಲಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಅದರಲ್ಲೂ ರಾತ್ರಿ ಎಚ್ಚರವಾಗುವಷ್ಟು ಆದರೆ, ಡಾಕ್ಟರ್ ಹತ್ತಿರ ಹೋಗಿ. ಮಣಿಕಟ್ಟಿನ ನರ ಒತ್ತಿಕೊಂಡಾಗ ಹೀಗೇ ಆಗುತ್ತದೆ. ಹಬ್ಬದ ಗಡುವು ನೋಡಿಕೊಂಡು ಎಳೆದಾಡಬೇಡಿ.

ಬಿಚ್ಚಬೇಕಾ, ಬಿಡಬೇಕಾ?

ಗೊಂಬೆಯನ್ನು ಎರಡು ಮಾರು ದೂರ ನೇತುಹಾಕಿ ನೋಡಿ. ಅಲ್ಲಿಂದ ಕಾಣದ ತಪ್ಪು ತಪ್ಪಲ್ಲ. ಕಂಡರೆ, ಸರಿ ಇದ್ದ ಕೊನೆಯ ಸುತ್ತು ಯಾವುದು ಎಂದು ಎಣಿಸಿ, ಅಲ್ಲಿಗೊಂದು ಮಾರ್ಕರ್ ಸಿಕ್ಕಿಸಿ, ಆಮೇಲೆ ಬಿಚ್ಚಿ. ಮಾರ್ಕರ್ ಇಲ್ಲದೆ ಎಳೆದರೆ ಎರಡು ಸುತ್ತು ಜಾಸ್ತಿಯೇ ಬಿಚ್ಚಿಹೋಗುತ್ತದೆ. ಜೂಲಿನ ದಾರವನ್ನು ಬಿಚ್ಚಿದಷ್ಟೂ ಅದರ ಕೂದಲು ಉದುರುತ್ತದೆ. ಅದರಲ್ಲಿ ಹೆಣೆದದ್ದನ್ನು ಎರಡನೆಯ ಸಲ ಬಿಚ್ಚುವ ಆಸೆ ಬಿಡಿ.

ಮೂರು ಚೆಂಡು ಹೆಣೆದು ಮೂರರಲ್ಲೂ ಒಂದೇ ದೋಷ ಬಂದಿದ್ದರೆ ನಾಲ್ಕನೆಯದಕ್ಕೆ ಕೈ ಹಾಕಬೇಡಿ. ಮೊದಲು ಮಾದರಿಯ ಲೆಕ್ಕವನ್ನೇ ಕೂಡಿ ನೋಡಿ. 18 ಸ್ಟಿಚ್‌ನ ಸುತ್ತಿನ ಮೇಲೆ ‘ಎರಡು ಹಾಕಿ ಒಂದು ಹೆಚ್ಚಳ’ ಆರು ಸಲ ಎಂದರೆ 24 ಬರಬೇಕು. ಬರದಿದ್ದರೆ ಬರೆದವರೇ ತಪ್ಪಿದ್ದಾರೆ. ಲೆಕ್ಕ ಸರಿ ಇದ್ದರೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಸ್ಟಿಚ್ ಹೆಣೆದು ತೋರಿಸಿ. ಮುಗಿದ ಗೊಂಬೆ ತೋರಿಸಿದರೆ ಅವರಿಗೂ ಗೊತ್ತಾಗುವುದಿಲ್ಲ, ಕೈ ಓಡುವುದನ್ನು ನೋಡಬೇಕು. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ನಿಮ್ಮ ಕೈಯದೇ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿ ನೋಡಿ.

ತೂಗುಹಾಕುವ ಮುಂಚೆ

ಮೇಣದಬತ್ತಿ, ದೀಪ, ಹೀಟರ್, ಬಿಸಿಯಾಗುವ ಹಳೆಯ ಬಲ್ಬು ಇವುಗಳ ಹತ್ತಿರ ಗೊಂಬೆ ಬೇಡವೇ ಬೇಡ. ಅಕ್ರಿಲಿಕ್ ದಾರ, ಪಾಲಿಯೆಸ್ಟರ್ ಹತ್ತಿ ಎರಡೂ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ದೀಪಗಳ ಸರ ಬೇಕೇಬೇಕೆಂದರೆ ಎಲ್‌ಇಡಿ ಇರಲಿ, ಅದೂ ಗೊಂಬೆಯ ಒಳಗಲ್ಲ, ಹೊರಗೆ.

ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಪ್ಲಾಸ್ಟಿಕ್ ಕಣ್ಣು, ಮಣಿ, ಗುಂಡಿ ಹಾಕಬೇಡಿ. ಸೇಫ್ಟಿ ಐ ಎಂಬ ಹೆಸರು ನಂಬಿ ಮೋಸಹೋಗಬೇಡಿ. ಹಿಂದಿನ ಬಿಲ್ಲೆ ಕಚ್ಚಿ ಹಿಡಿದಿದ್ದರೂ ಸ್ಟಿಚ್ ಸಡಿಲ ಇದ್ದರೆ ಬಿಲ್ಲೆಸಮೇತ ಕಿತ್ತು ಬರುತ್ತದೆ. ಕಪ್ಪು ದಾರದಲ್ಲಿ ಕಣ್ಣು ಹೊಲಿದುಬಿಡಿ. ನೇತುಹಾಕುವ ಕುಣಿಕೆಯೂ ಮಗುವಿನ ತಲೆ ತೂರುವಷ್ಟು ದೊಡ್ಡದಿರಬಾರದು.

ದೀಪದ ಸರದಲ್ಲಿ ಗುಂಡಿಯಾಕಾರದ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಮಗು ಅದನ್ನು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಕೊನೆಯದಾಗಿ ಸೂಜಿ, ಪಿನ್ ಎಣಿಸಿ. ಕೂರುವಾಗ ಎಷ್ಟಿತ್ತೋ ಏಳುವಾಗಲೂ ಅಷ್ಟೇ ಇರಬೇಕು. ಒಂದು ಕಮ್ಮಿ ಬಂದರೆ ಗೊಂಬೆಯನ್ನು ಬೆರಳಿಂದ ಒತ್ತಿ ಹುಡುಕಬೇಡಿ, ಅಯಸ್ಕಾಂತ ತನ್ನಿ.